ಬಹಮನಿ ರಾಜಧಾನಿ ಬೀದರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರ್ ರಾಜಧಾನಿಯಾದದ್ದು ಯಾವಾಗ? ಎಷ್ಟು ಕಾಲ ಹಾಗಿತ್ತು?

ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ, ದೌಲತಾಬಾದಿನಲ್ಲಿ. ಅಲ್ಲಿಂದ ಬೇಗನೆ ಕಲಬುರಗಿಗೆ ಬಂದು ಮುಕ್ಕಾಲು ಶತಮಾನ ಅಲ್ಲಿಯೇ ನೆಲೆಸಿತು. 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾ ರಾಜಧಾನಿಯನ್ನು ಬೀದರ್‌ಗೆ ಸಾಗಿಸಿದ. ಸ್ಥಳಾಂತರದ ವರ್ಷವನ್ನು ಕೆಲವರು 1424 ಎಂದರೆ ಇನ್ನು ಕೆಲವರು 1430ರ ಆಸುಪಾಸು ಎನ್ನುತ್ತಾರೆ. ಈ ಜಗಳಕ್ಕೆ ಹೆಚ್ಚು ಅರ್ಥವಿಲ್ಲ. ಕೋಟೆ, ಅರಮನೆ, ಕಾಲುವೆ, ಬೀದಿಗಳೆಲ್ಲ ಒಂದೇ ಮುಹೂರ್ತದಲ್ಲಿ ಮುಗಿಯುವ ಕೆಲಸವಲ್ಲ. 1432ರ ಹೊತ್ತಿಗೆ ಕೋಟೆ ಒಂದು ಹಂತಕ್ಕೆ ಬಂದಿತ್ತು.

ಬಹಮನಿ ಸುಲ್ತಾನರ ನಂತರ ಬರೀದ್ ಶಾಹಿಗಳು ಇಲ್ಲಿಂದಲೇ ಆಳಿದರು. 1619ರಲ್ಲಿ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾ ಬೀದರನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡ. ಹೆಚ್ಚು ಕಡಿಮೆ ಇನ್ನೂರು ವರ್ಷ ಬೀದರ್ ರಾಜಧಾನಿಯಾಗಿತ್ತು. ಅದರಲ್ಲಿ ಮೊದಲ 60 ವರ್ಷ ಮಾತ್ರ ನಿಜವಾದ ವೈಭವದ ಕಾಲ.

ಕಲಬುರಗಿಯನ್ನು ಬಿಟ್ಟದ್ದೇಕೆ?

ಶಾಲೆಯ ಪುಸ್ತಕಗಳು ‘ಬೀದರಿನ ಹವೆ ಚೆನ್ನಾಗಿತ್ತು’ ಎಂದು ಮುಗಿಸಿಬಿಡುತ್ತವೆ. ಅದು ಸುಳ್ಳಲ್ಲ. ಬೀದರ್ ಇರುವುದು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಜಂಬಿಟ್ಟಿಗೆ ಪ್ರಸ್ಥಭೂಮಿಯ ಅಂಚಿನಲ್ಲಿ. ಬಯಲಿನ ಬಿಸಿಲಿಗೆ ಹೋಲಿಸಿದರೆ ಇಲ್ಲಿ ಗಾಳಿ ಹಿತವಾಗಿದೆ. ಆದರೆ ಹವೆಗಾಗಿ ಯಾರೂ ಖಜಾನೆಯನ್ನು ಹೊತ್ತುಕೊಂಡು ಹೋಗುವುದಿಲ್ಲ.

ಅಹ್ಮದ್ ಶಾ ಪಟ್ಟವೇರಿದ್ದು ಅಣ್ಣ ಫಿರೋಜ್ ಶಾನ ವಿರುದ್ಧ ದಂಡೆತ್ತಿ. ಫಿರೋಜ್ ತನ್ನ ಮಗನಿಗೆ ಪಟ್ಟ ಕಟ್ಟಬೇಕೆಂದಿದ್ದ. ಕಲಬುರಗಿಯಲ್ಲಿದ್ದ ಸೂಫಿ ಸಂತ ಖಾಜಾ ಬಂದೇ ನವಾಜ್ ಗೇಸು ದರಾಜ್ ಅವರ ಒಲವು ಅಹ್ಮದನ ಕಡೆಗಿತ್ತು. ಆ ಸಂತರೂ ಫಿರೋಜನೂ 1422ರಲ್ಲಿಯೇ ತೀರಿಕೊಂಡರು. ಹೊಸ ಸುಲ್ತಾನನ ಪಾಲಿಗೆ ಹಳೆಯ ರಾಜಧಾನಿ ಎಂದರೆ ಅಣ್ಣನ ನಂಟರು, ಅಣ್ಣನ ಸರದಾರರು, ಬೇರು ಬಿಟ್ಟ ಹಳೆಯ ಮನೆತನಗಳು. ಜೊತೆಗೆ ಬೀದರ್ ರಾಜ್ಯದ ನಡುವಿಗೆ ಹತ್ತಿರ: ತೆಲಂಗಾಣ, ಮರಾಠವಾಡ, ಕನ್ನಡ ಸೀಮೆ ಮೂರೂ ಕೂಡುವ ಜಾಗ. ನನ್ನ ಮಟ್ಟಿಗೆ ಮುಖ್ಯ ಕಾರಣ ಇದೇ: ತನಗೆ ಮಾತ್ರ ಋಣಿಯಾಗಿರುವ ಜನರನ್ನು ತುಂಬಲು ಆತನಿಗೆ ಒಂದು ಹೊಸ ಊರು ಬೇಕಿತ್ತು. ಆ ಜನ ಬಂದದ್ದು ಇರಾನಿನಿಂದ, ಇರಾಕಿನಿಂದ, ಮಧ್ಯ ಏಷ್ಯಾದಿಂದ. ಬೀದರಿನ ಏಳಿಗೆಯೂ ಅವನತಿಯೂ ಈ ಒಂದು ನಿರ್ಧಾರದಿಂದಲೇ ಹೊರಟವು.

ಅದಕ್ಕೂ ಮೊದಲು ಬೀದರ್ ಬರಿಯ ಹಳ್ಳಿಯಾಗಿತ್ತೇ?

ಅಲ್ಲ. ಕಲ್ಯಾಣದ ಚಾಲುಕ್ಯರ ರಾಜಧಾನಿ ಕಲ್ಯಾಣ, ಇಂದಿನ ಬಸವಕಲ್ಯಾಣ, ಇದೇ ಜಿಲ್ಲೆಯಲ್ಲಿದೆ. ಬೀದರಿನಲ್ಲಿ ಕಾಕತೀಯರ ಕಾಲದಲ್ಲಿಯೇ ಕೋಟೆ ಇತ್ತು. 1320ರ ದಶಕದ ಆರಂಭದಲ್ಲಿ, ಓರಂಗಲ್ಲಿನ ಮೇಲೆ ದಂಡೆತ್ತಿ ಹೊರಟ ಉಲುಘ್ ಖಾನ್ ದಾರಿಯಲ್ಲಿ ಬೀದರನ್ನು ಹಿಡಿದ. ಮುಂದೆ ಮುಹಮ್ಮದ್ ಬಿನ್ ತುಘಲಕ್ ಎಂದು ಹೆಸರಾದವನು ಇವನೇ. ಕೋಟೆಯೊಳಗಿನ ಹದಿನಾರು ಕಂಬದ ಸೋಲಾ ಖಂಬ ಮಸೀದಿಯಲ್ಲಿ ಸಿಕ್ಕ ಶಾಸನದ ಕಾಲ 1423–24. ರಾಜಧಾನಿ ಬರುವ ಹೊತ್ತಿಗೆ ಅಲ್ಲಿ ಜನವಸತಿ, ಆಡಳಿತ, ದೊಡ್ಡ ಮಸೀದಿ ಎಲ್ಲವೂ ಇದ್ದವು ಎಂಬುದಕ್ಕೆ ಅಷ್ಟು ಸಾಕು.

ಬೇಟೆನಾಯಿಯನ್ನು ನರಿಯೊಂದು ಎದುರಿಸಿ ನಿಂತಿದ್ದನ್ನು ಕಂಡು ಸುಲ್ತಾನ ಇಲ್ಲಿ ಕೋಟೆ ಕಟ್ಟಿದ ಎಂಬ ಕಥೆಯನ್ನು ಮಾರ್ಗದರ್ಶಕರು ಹೇಳುತ್ತಾರೆ. ಮೊಲವೋ ನರಿಯೋ ನಾಯಿಯನ್ನು ಅಟ್ಟಿದ ಕಥೆ ಹಂಪಿಯಿಂದ ಅಹಮದಾಬಾದಿನವರೆಗೆ ಎಲ್ಲ ಊರಿಗೂ ಇದೆ. ಕೇಳಿ ಸಂತೋಷಪಡಿ, ಬರೆದಿಟ್ಟುಕೊಳ್ಳಬೇಡಿ.

ಅಷ್ಟು ದೊಡ್ಡ ಕೋಟೆಗೆ ಕಲ್ಲು ಎಲ್ಲಿಂದ ತಂದರು?

ಕಾಲ ಕೆಳಗಿನಿಂದಲೇ. ಜಂಬಿಟ್ಟಿಗೆಯನ್ನು ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕಂದಕ ತೋಡಿದಾಗ ಸಿಕ್ಕ ಕಲ್ಲೇ ಗೋಡೆಯಾಯಿತು. ಕೋಟೆಯ ಸುತ್ತಳತೆ ಸುಮಾರು ನಾಲ್ಕು ಕಿಲೋಮೀಟರ್. ಬೆಟ್ಟದ ಇಳಿಜಾರು ಇರುವ ಕಡೆ ಪ್ರಕೃತಿಯೇ ಕಾವಲು. ಊರಿಗೆ ಅಂಟಿಕೊಂಡ ದಕ್ಷಿಣದ ಕಡೆಯಲ್ಲಿ ಕಂದಕ ಮೂರು ಸಾಲಾಗಿದೆ, ನಡುವೆ ಬಂಡೆಯನ್ನೇ ಗೋಡೆಯಂತೆ ಉಳಿಸಿದ್ದಾರೆ. ಶರ್ಜಾ ದರ್ವಾಜಾ ದಾಟಿ ಗುಂಬದ್ ದರ್ವಾಜಾಕ್ಕೆ ನಡೆಯುವಾಗ ಒಮ್ಮೆ ಬಗ್ಗಿ ನೋಡಿ. ಕಟ್ಟಿದ್ದಕ್ಕಿಂತ ಕಡಿದದ್ದೇ ಹೆಚ್ಚು ಎನ್ನಿಸುತ್ತದೆ.

ಬೆಟ್ಟದ ಮೇಲಿನ ಊರಿಗೆ ನೀರು ಹೇಗೆ ಸಿಗುತ್ತಿತ್ತು?

ಬೀದರಿನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಮಾಂಜ್ರಾ ನದಿ ಕೆಳಗೆ, ದೂರದಲ್ಲಿ ಹರಿಯುತ್ತದೆ. ಹಾಗಿದ್ದೂ ಒಂದು ದೊಡ್ಡ ರಾಜಧಾನಿ ಇಲ್ಲಿ ಬದುಕಿತು.

ಗುಟ್ಟು ಇರುವುದು ನೆಲದ ಪದರಗಳಲ್ಲಿ. ಮೇಲಿನ ಜಂಬಿಟ್ಟಿಗೆ ತೂತು ತೂತಾದ ಕಲ್ಲು, ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಕೆಳಗಿರುವ ಕರಿಕಲ್ಲಿನ ಪದರ ನೀರನ್ನು ಸುಲಭವಾಗಿ ಇಳಿಯಗೊಡುವುದಿಲ್ಲ. ಹಾಗಾಗಿ ಎರಡೂ ಪದರಗಳು ಕೂಡುವ ಮಟ್ಟದಲ್ಲಿ ನೀರು ನಿಂತು ಮೆಲ್ಲಗೆ ಜಿನುಗುತ್ತಿರುತ್ತದೆ. ಇದನ್ನು ಎತ್ತಿಕೊಳ್ಳುವ ವಿದ್ಯೆ ಇರಾನಿನವರಿಗೆ ಶತಮಾನಗಳಿಂದ ಕರಗತವಾಗಿತ್ತು. ಎತ್ತರದ ಜಾಗದಲ್ಲಿ ಒಂದು ತಾಯಿಬಾವಿ, ಅಲ್ಲಿಂದ ಅತಿ ಕಡಿಮೆ ಇಳಿಜಾರಿನ ಸುರಂಗ, ಸುರಂಗದುದ್ದಕ್ಕೂ ಅಲ್ಲಲ್ಲಿ ನೇರ ಇಳಿಬಾವಿಗಳು. ಅಗೆದ ಮಣ್ಣನ್ನು ಹೊರಗೆ ಹಾಕಲು, ಒಳಗಿನವರಿಗೆ ಗಾಳಿ ಬೆಳಕು ಕೊಡಲು, ಮೇಲಿನಿಂದ ನೀರು ಸೇದಲು ಇವೇ ದಾರಿ. ಯಂತ್ರ ಬೇಡ, ಎತ್ತು ಬೇಡ. ನೀರು ತನ್ನ ಭಾರಕ್ಕೇ ಹರಿಯುತ್ತದೆ. ಭೂಮಿಯ ಒಳಗೆ ಇರುವುದರಿಂದ ಆವಿಯಾಗಿ ಹೋಗುವುದೂ ಇಲ್ಲ. ಇದಕ್ಕೆ ಕರೇಜ್ ಎಂದು ಹೆಸರು. ಊರವರು ಸುರಂಗ ಬಾವಿ ಎನ್ನುತ್ತಾರೆ.

ನೌಬಾದಿನ ಕರೇಜ್ ಇವುಗಳಲ್ಲಿ ಪ್ರಸಿದ್ಧ. ಅದರ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಎಷ್ಟೋ ಕಾಲ ಹೂಳು, ಕಸ ತುಂಬಿ ಮರೆತುಹೋಗಿದ್ದ ಇದನ್ನು ಕಳೆದ ದಶಕದಲ್ಲಿ ಸ್ವಚ್ಛಗೊಳಿಸಿದಾಗ ಒಳಗೆ ಇನ್ನೂ ನೀರಿತ್ತು. ಕೊಳವೆ ಬಾವಿ ಕೊರೆದು ಕೊರೆದು ಬತ್ತಿಸಿಕೊಂಡ ಜಿಲ್ಲೆಯಲ್ಲಿ ಇದನ್ನು ಹೇಳಲು ಸ್ವಲ್ಪ ಮುಜುಗರವಾಗಬೇಕು.

‘ಆಫಾಕಿ’, ‘ದಖನಿ’ ಎಂದರೆ ಯಾರು? ಇವರ ಜಗಳವೇನು?

ದಖನಿಗಳು ಎಂದರೆ ಹಿಂದಿನ ತಲೆಮಾರುಗಳಲ್ಲಿ ದಿಲ್ಲಿಯ ಕಡೆಯಿಂದ ಬಂದು ಇಲ್ಲಿಯವರೇ ಆಗಿಹೋದ ಮುಸ್ಲಿಮರು, ಇಲ್ಲಿಯೇ ಮತಾಂತರಗೊಂಡವರು. ಅವರ ಜೊತೆ ಹಬ್ಶಿಗಳು, ಅಂದರೆ ಅಬಿಸೀನಿಯಾ ಮೂಲದ ಸೈನಿಕರು. ಆಫಾಕಿಗಳು ಎಂದರೆ ಆಗಷ್ಟೇ ಹಡಗಿಳಿದು ಬಂದ ಇರಾನಿ, ಅರಬ್, ತುರ್ಕಿ ವಲಸಿಗರು. ಆಸ್ಥಾನಕ್ಕೆ ಪಾರ್ಸಿ ಬಲ್ಲವರು, ಲೆಕ್ಕ ಬಲ್ಲವರು, ಕುದುರೆ ವ್ಯಾಪಾರ ಬಲ್ಲವರು ಬೇಕಿತ್ತು. ಹೊಸಬರಿಗೆ ಬೇಗ ಬೇಗ ಬಡ್ತಿ ಸಿಕ್ಕಿತು, ಹಳಬರ ಹೊಟ್ಟೆ ಉರಿಯಿತು. ಬಹುಪಾಲು ದಖನಿಗಳು ಸುನ್ನಿಗಳು, ಆಫಾಕಿಗಳಲ್ಲಿ ಶಿಯಾಗಳೂ ಬಹಳ. ಹಾಗಾಗಿ ಜಗಳಕ್ಕೆ ಮತದ ಬಣ್ಣವೂ ಬಂತು.

ಅಹ್ಮದ್ ಶಾ ಪಟ್ಟಕ್ಕೆ ಬರಲು ನೆರವಾದವನು ಖಲಫ್ ಹಸನ್ ಎಂಬ ಬಸ್ರಾದ ಕುದುರೆ ವ್ಯಾಪಾರಿ. ಸುಲ್ತಾನ ಅವನಿಗೆ ‘ಮಲಿಕ್-ಉತ್-ತುಜ್ಜಾರ್’, ಅಂದರೆ ವರ್ತಕರ ಒಡೆಯ ಎಂಬ ಬಿರುದು ಕೊಟ್ಟು ಎತ್ತರಕ್ಕೇರಿಸಿದ. 1440ರ ದಶಕದಲ್ಲಿ ಆತ ಕೊಂಕಣದ ಕಾಡಿನಲ್ಲಿ ಸೇನೆಯೊಡನೆ ಸಿಕ್ಕಿಬಿದ್ದು ಸತ್ತ. ಬದುಕಿ ಚಾಕಣ ಕೋಟೆ ಸೇರಿದ ಆಫಾಕಿಗಳ ಮೇಲೆ ದಖನಿ ಸರದಾರರು ಆಗಿನ ಸುಲ್ತಾನನಿಗೆ ಚಾಡಿ ಬರೆದು, ಅಪ್ಪಣೆ ಪಡೆದು, ಅಭಯ ಕೊಟ್ಟು ಹೊರಗೆ ಕರೆಸಿ ಕೊಂದರು. ನಿಜ ತಿಳಿದ ಮೇಲೆ ಸುಲ್ತಾನ ದಖನಿ ನಾಯಕರನ್ನು ಶಿಕ್ಷಿಸಿದ. ಅಲ್ಲಿಂದ ಮುಂದೆ ಬೀದರಿನ ಪ್ರತಿಯೊಂದು ನೇಮಕಾತಿಯ ಹಿಂದೆಯೂ ‘ಅವನು ಯಾವ ಕಡೆಯವನು?’ ಎಂಬ ಪ್ರಶ್ನೆ ಇತ್ತು. 1487ರಲ್ಲಿ ರಾಜಧಾನಿಯ ಬೀದಿಗಳಲ್ಲಿಯೇ ಮತ್ತೆ ಕೊಲೆಗಳಾದವು. ಆ ಸಲ ಸತ್ತವರು ದಖನಿಗಳು.

ಊರಿನಲ್ಲಿ ಯಾವ ಭಾಷೆ ನಡೆಯುತ್ತಿತ್ತು?

ಆಸ್ಥಾನದಲ್ಲಿ ಪಾರ್ಸಿ. ಊರಿನಲ್ಲಿ ಕನ್ನಡ, ತೆಲುಗು, ಮರಾಠಿ. ಇವುಗಳ ನಡುವೆ ಬೆಳೆದದ್ದು ದಖನಿ ಎಂಬ ಭಾಷೆ, ಉರ್ದುವಿನ ಹಳೆಯ ರೂಪ. ನಿಜಾಮಿ ಎಂಬ ಕವಿ ಬರೆದ ‘ಕದಮ್ ರಾವ್ ಪದಮ್ ರಾವ್’ ದಖನಿಯಲ್ಲಿ ಉಳಿದಿರುವ ಅತಿ ಹಳೆಯ ದೀರ್ಘ ಕಾವ್ಯ; ಅದು ಬೀದರಿನ ಬಹಮನಿಗಳ ಕಾಲದ್ದು. ಇಂದಿಗೂ ಬೀದರಿನ ಮಾರುಕಟ್ಟೆಯಲ್ಲಿ ಒಬ್ಬನೇ ವ್ಯಾಪಾರಿ ನಾಲ್ಕು ಭಾಷೆಗಳಲ್ಲಿ ಚೌಕಾಸಿ ಮಾಡುತ್ತಾನೆ.

ಹೊರಗಿನವರು ಯಾರಾದರೂ ಆ ಬೀದರನ್ನು ಕಂಡು ಬರೆದಿದ್ದಾರೆಯೇ?

ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಬರೆದಿದ್ದಾನೆ. ಹೊರ್ಮುಜ್‌ನಿಂದ ಹಡಗಿನಲ್ಲಿ ಒಂದು ಕುದುರೆಯನ್ನು ತಂದು, 1469ರ ಸುಮಾರಿಗೆ ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನ ಅಧಿಕಾರಿ ಕುದುರೆಯನ್ನು ಕಿತ್ತುಕೊಂಡು, ಇಸ್ಲಾಮಿಗೆ ಸೇರಿದರೆ ಮಾತ್ರ ಕೊಡುತ್ತೇನೆ ಎಂದ. ಖುರಾಸಾನಿನವನೊಬ್ಬ ನಡುವೆ ಬಂದು ಬಿಡಿಸಿಕೊಟ್ಟ. ಕೊನೆಗೆ ಆ ಕುದುರೆ ಮಾರಾಟವಾದದ್ದು ಬೀದರಿನಲ್ಲಿ.

ಅರಮನೆಗೆ ಏಳು ಬಾಗಿಲು, ಪ್ರತಿ ಬಾಗಿಲಲ್ಲಿ ನೂರು ಕಾವಲುಗಾರರು, ಒಳಹೋಗುವವರ ಹೊರಬರುವವರ ಹೆಸರು ಬರೆದುಕೊಳ್ಳುವ ನೂರು ಗುಮಾಸ್ತರು ಎಂದು ಆತ ಹೇಳುತ್ತಾನೆ. ಅಂಕಿಗಳನ್ನು ಅಕ್ಷರಶಃ ನಂಬಬೇಕಿಲ್ಲ, ಆದರೆ ಬಾಗಿಲಲ್ಲಿ ದಾಖಲೆ ಪುಸ್ತಕ ಇಟ್ಟುಕೊಂಡ ಅರಮನೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಬೀದರಿನ ಸಮೀಪದ ಒಂದು ಸಂತನ ಜಾತ್ರೆಯಲ್ಲಿ ಕುದುರೆಗಳ ಭಾರಿ ವ್ಯಾಪಾರ ನಡೆಯುತ್ತಿದ್ದುದನ್ನೂ ವರ್ಣಿಸುತ್ತಾನೆ. ಆ ಊರನ್ನು ವಿದ್ವಾಂಸರು ನಮ್ಮ ಆಳಂದ ಎಂದು ಗುರುತಿಸಿದ್ದಾರೆ. ಇದೆಲ್ಲಕ್ಕಿಂತ ಮುಖ್ಯವಾದುದು ಆತ ಗಮನಿಸಿದ ಇನ್ನೊಂದು ಸಂಗತಿ: ನಾಡಿನಲ್ಲಿ ಜನ ಕಿಕ್ಕಿರಿದಿದ್ದಾರೆ, ಹಳ್ಳಿಗರು ತೀರ ಬಡವರು, ಸರದಾರರು ಮಿತಿಮೀರಿದ ಶ್ರೀಮಂತರು. ಆಸ್ಥಾನದ ಇತಿಹಾಸಕಾರರು ಯಾರೂ ಬರೆಯದ ಮಾತಿದು. ಕುದುರೆ ಮಾರಲು ಬಂದವನಿಗೆ ಯಾರನ್ನೂ ಹೊಗಳುವ ಹಂಗಿರಲಿಲ್ಲ.

ಮಹಮೂದ್ ಗವಾನ್ ಯಾರು?

ಕ್ಯಾಸ್ಪಿಯನ್ ಕಡಲ ತೀರದ ಗೀಲಾನಿನವನು. 1453ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ವ್ಯಾಪಾರಕ್ಕಾಗಿ ಬಂದು ಬೀದರ್ ಸೇರಿದ. ಸುಲ್ತಾನ ಹುಮಾಯೂನ್ 1461ರಲ್ಲಿ ಸತ್ತಾಗ ಪಟ್ಟಕ್ಕೆ ಬಂದವನು ಎಂಟು ವರ್ಷದ ಮಗು. ಆಡಳಿತ ನಡೆಸಿದವಳು ರಾಜಮಾತೆ ಮಖ್ದುಮಾ-ಎ-ಜಹಾನ್. ಅವಳ ಮಂಡಳಿಯಲ್ಲಿ ಗವಾನನೂ ಒಬ್ಬ. ಮಾಳವದ ಮಹಮೂದ್ ಖಲ್ಜಿ ಇದೇ ಸಮಯ ನೋಡಿ ಬೀದರ್ ನಗರಕ್ಕೆ ನುಗ್ಗಿದಾಗ ರಾಜಪರಿವಾರ ಭೀಮಾ ತೀರದ ಫಿರೋಜಾಬಾದಿಗೆ ಹೋಗಬೇಕಾಯಿತು. ಗುಜರಾತಿನ ಸುಲ್ತಾನನ ನೆರವು ಪಡೆದು ಶತ್ರುವನ್ನು ಹಿಮ್ಮೆಟ್ಟಿಸಿದರು. ಈ ಹೆಣ್ಣುಮಗಳ ಹೆಸರು ನಮ್ಮ ಪಠ್ಯಗಳಲ್ಲಿ ಕಾಣಿಸುವುದಿಲ್ಲ, ಕಾಣಿಸಬೇಕಿತ್ತು.

1466ರಿಂದ ಗವಾನ್ ಪ್ರಧಾನ ಮಂತ್ರಿ. 1472ರಲ್ಲಿ ಗೋವೆಯನ್ನು, ಅದರ ಬೆನ್ನಿಗೆ ಬೆಳಗಾವಿಯನ್ನು ಗೆದ್ದ. ರಾಜ್ಯ ಕಡಲಿಂದ ಕಡಲಿಗೆ ಚಾಚಿತು. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ಒಡೆದು, ಒಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಇರಬೇಕು, ಉಳಿದವು ಸುಲ್ತಾನನ ಅಧೀನ ಎಂದು ಮಾಡಿದ. ಹುದ್ದೆಗಳನ್ನು ಹಂಚುವಾಗ ದಖನಿಗಳಿಗೂ ಆಫಾಕಿಗಳಿಗೂ ಸಮತೂಕ ಇರಲಿ ಎಂದು ನೋಡಿಕೊಂಡ. ಬೀದರ್ ನಗರದಲ್ಲಿ ಒಂದು ಮದರಸಾ ಕಟ್ಟಿಸಿದ, 1472ರಲ್ಲಿ ಪೂರ್ಣವಾಯಿತು.

ಆ ಮದರಸಾದ ವಿಶೇಷವೇನು?

ಮೂರು ಅಂತಸ್ತು, 36 ವಿದ್ಯಾರ್ಥಿ ಕೊಠಡಿಗಳು, ಅಧ್ಯಾಪಕರಿಗೆ ಪ್ರತ್ಯೇಕ ವಸತಿ, ಮೂರು ಸಾವಿರ ಗ್ರಂಥಗಳಿದ್ದವು ಎನ್ನಲಾಗುವ ಪುಸ್ತಕ ಭಂಡಾರ. ಮುಂಭಾಗದುದ್ದಕ್ಕೂ ನೀಲಿ, ಹಸಿರು, ಹಳದಿ, ಬಿಳಿ ಹೆಂಚುಗಳ ಚಿತ್ತಾರ. ಸಮರ್ಕಂದ, ಖುರಾಸಾನಿನ ಶೈಲಿಯನ್ನು ದಖನಿನ ನೆಲಕ್ಕೆ ನೇರವಾಗಿ ತಂದು ನಿಲ್ಲಿಸಿದಂತಿದೆ.

ಇಂದು ಒಂದು ಮಿನಾರು ಮಾತ್ರ ಇದೆ, ಮುಂಭಾಗದ ಅರ್ಧ ಇಲ್ಲ. ಇದಕ್ಕೆ ದಾಳಿ ಕಾರಣ ಎಂದು ಹಲವರು ಭಾವಿಸುತ್ತಾರೆ. ಔರಂಗಜೇಬನ ಕಾಲದಲ್ಲಿ ಕಟ್ಟಡದ ಒಂದು ಭಾಗದಲ್ಲಿ ಸಿಡಿಮದ್ದು ತುಂಬಿಟ್ಟಿದ್ದರು. 17ನೆಯ ಶತಮಾನದ ಕೊನೆಯಲ್ಲಿ ಅದು ಸ್ಫೋಟಿಸಿತು. ವಿದ್ಯಾಲಯವನ್ನು ಮದ್ದಿನ ಮನೆ ಮಾಡಿದವರ ಬುದ್ಧಿಗೆ ಏನೆನ್ನುವುದು.

ಇಷ್ಟು ಮಾಡಿದವನನ್ನು ಸುಲ್ತಾನನೇ ಕೊಲ್ಲಿಸಿದ್ದೇಕೆ?

ಒಂದು ಖಾಲಿ ಕಾಗದದಿಂದ. ಗವಾನನ ಸುಧಾರಣೆಗಳಿಂದ ಸರದಾರರ ಕೈ ಕಟ್ಟಿಹೋಗಿತ್ತು. ದಖನಿ ಗುಂಪಿನ ಕೆಲವರು ಅವನ ಮುದ್ರೆಯ ಕಾವಲಿನವನಿಗೆ ಲಂಚ ಕೊಟ್ಟು, ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರಲ್ಲಿ ಒಡಿಶಾದ ಗಜಪತಿ ರಾಜನಿಗೆ ‘ದಂಡೆತ್ತಿ ಬಾ, ರಾಜ್ಯ ಹಂಚಿಕೊಳ್ಳೋಣ’ ಎಂಬರ್ಥದ ಪತ್ರ ಬರೆದು ಮೂರನೆಯ ಮುಹಮ್ಮದ್ ಶಾನ ಮುಂದೆ ಇಟ್ಟರು. ಸುಲ್ತಾನ ಆಗ ಆಂಧ್ರದ ಕೊಂಡಪಲ್ಲಿಯ ಕಡೆ ಪಾಳೆಯದಲ್ಲಿದ್ದ, ಕುಡಿದಿದ್ದ. ಗವಾನನನ್ನು ಕರೆಸಿ ಕೇಳಿದಾಗ, ಮುದ್ರೆ ನನ್ನದು, ಪತ್ರ ನನ್ನದಲ್ಲ ಎಂದ. ವಿಚಾರಣೆಯೇ ಇಲ್ಲದೆ 1481ರ ಏಪ್ರಿಲ್‌ನಲ್ಲಿ ಅವನ ತಲೆ ಹೋಯಿತು. ವಯಸ್ಸು ಎಪ್ಪತ್ತು ದಾಟಿತ್ತು.

ಮರಣಾನಂತರ ಮನೆ ಶೋಧಿಸಿದಾಗ ಸಿಕ್ಕ ಸ್ವಂತ ಹಣ ಅತ್ಯಲ್ಪ ಎಂದು ಇತಿಹಾಸಕಾರ ಫಿರಿಸ್ತಾ ಬರೆಯುತ್ತಾನೆ. ಫಿರಿಸ್ತಾ ಒಂದು ಶತಮಾನದ ನಂತರ ಬಿಜಾಪುರದಲ್ಲಿ ಕೂತು ಬರೆದವನು, ಮೇಲಾಗಿ ತಾನೂ ಇರಾನಿ ಮೂಲದವನು. ಗವಾನನ ಕಡೆಗೆ ಅವನ ಒಲವು ಸಹಜ. ಆ ಉಪ್ಪನ್ನು ಕಳೆದರೂ ಘಟನೆಯ ತಿರುಳು ಉಳಿಯುತ್ತದೆ. ಮರುವರ್ಷವೇ ಸುಲ್ತಾನನೂ ಸತ್ತ.

ವಿಜಯನಗರದೊಡನೆ ನಡೆದದ್ದು ಧರ್ಮಯುದ್ಧವಲ್ಲವೇ?

ಆಸ್ಥಾನದ ಬರಹಗಾರರು ಎರಡೂ ಕಡೆ ಹಾಗೆಯೇ ಬರೆದುಕೊಂಡರು. ನಡೆದದ್ದು ಮುಖ್ಯವಾಗಿ ಕೃಷ್ಣಾ–ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಗಾಗಿ, ಕಡಲ ಬಂದರುಗಳಿಗಾಗಿ, ಕುದುರೆಗಳಿಗಾಗಿ. ಬಹಮನಿಗಳು ಮಾಳವ, ಗುಜರಾತಿನ ಮುಸ್ಲಿಂ ಸುಲ್ತಾನರೊಡನೆಯೂ ಕಾದಾಡಿದರು. ವಿಜಯನಗರ ಒಡಿಶಾದ ಗಜಪತಿಗಳೊಡನೆ ಕಾದಾಡಿತು. ಎರಡನೆಯ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಂ ಬಿಲ್ಲಾಳುಗಳನ್ನು ಸೇರಿಸಿಕೊಂಡ. ಕೃಷ್ಣದೇವರಾಯ ‘ಯವನರಾಜ್ಯ ಸ್ಥಾಪನಾಚಾರ್ಯ’ ಎಂಬ ಬಿರುದು ಧರಿಸಿದ್ದು ಬಹಮನಿ ಸುಲ್ತಾನನ ಪರ ನಿಂತದ್ದಕ್ಕೆ. ಹಾಗೆಂದು ಯುದ್ಧಗಳು ಸೌಮ್ಯವಾಗಿದ್ದವು ಎಂದಲ್ಲ. 1423ರ ಸುಮಾರಿಗೆ ಅಹ್ಮದ್ ಶಾ ನಡೆಸಿದ ದಂಡಯಾತ್ರೆ ಕ್ರೂರವಾಗಿತ್ತು. ಸತ್ತವರಲ್ಲಿ ಹೆಚ್ಚಿನವರು ಎರಡು ರಾಜಧಾನಿಗಳನ್ನೂ ಕಣ್ಣಿಂದ ಕಾಣದ ರೈತರು.

ಬಹಮನಿಗಳು ಹೋಗಿ ಬರೀದ್ ಶಾಹಿಗಳು ಬಂದದ್ದು ಹೇಗೆ?

ಗವಾನ್ ಹೋದ ಮೇಲೆ ಪ್ರಾಂತಾಧಿಕಾರಿಗಳು ರಾಜಧಾನಿಗೆ ಬರುವುದನ್ನೇ ಬಿಟ್ಟರು. ಅಹಮದ್‌ನಗರ, ಬಿಜಾಪುರ, ಬೇರಾರ್, ಆಮೇಲೆ ಗೋಲ್ಕೊಂಡ ಒಂದೊಂದಾಗಿ ಕಳಚಿಕೊಂಡವು. ಬೀದರಿನಲ್ಲಿ ಉಳಿದ ಮಂತ್ರಿ ಕಾಸಿಂ ಬರೀದ್, ಅವನ ನಂತರ ಮಗ ಅಮೀರ್ ಬರೀದ್, ಸುಲ್ತಾನರನ್ನು ಗೊಂಬೆಗಳಂತೆ ಕೂರಿಸಿ ಆಡಳಿತ ನಡೆಸಿದರು. ಅಮೀರನಿಗೆ ‘ದಖನಿನ ನರಿ’ ಎಂಬ ಹೆಸರೇ ಇತ್ತು. 1518ರಿಂದ ಹತ್ತು ವರ್ಷದೊಳಗೆ ನಾಲ್ವರು ಸುಲ್ತಾನರು ಬಂದುಹೋದರು. ಕೊನೆಯವನು ಕಲೀಮುಲ್ಲಾ. ದಿಲ್ಲಿಯನ್ನು ಗೆದ್ದಿದ್ದ ಬಾಬರನಿಗೆ ಗುಟ್ಟಾಗಿ ಸಹಾಯ ಕೋರಿ ಪತ್ರ ಕಳಿಸಿದ, ಗುಟ್ಟು ಬಯಲಾಗಿ ಊರು ಬಿಟ್ಟು ಓಡಿದ, ಅಹಮದ್‌ನಗರದಲ್ಲಿ ಸತ್ತ.

ಬರೀದ್ ಶಾಹಿಗಳ ರಾಜ್ಯ ಪುಟ್ಟದು. ಆದರೆ ಅಲಿ ಬರೀದ್ (1542–1580) ರಸಿಕ. ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪುಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ, ಮರದ ಕೆತ್ತನೆಯ ಕಂಬಗಳು ಅವನ ಕಾಲದವು. ವೈಭವ ಇದ್ದಾಗ ದೊಡ್ಡದಾಗಿ ಕಟ್ಟಿದರು, ಹೋದ ಮೇಲೆ ನಾಜೂಕಾಗಿ ಕಟ್ಟಿದರು. 1565ರ ರಕ್ಕಸಗಿ–ತಂಗಡಗಿ ಯುದ್ಧದಲ್ಲಿ ವಿಜಯನಗರದ ವಿರುದ್ಧ ಅಲಿ ಬರೀದನೂ ಇದ್ದ.

ಅಷ್ಟೂರಿನಲ್ಲಿ ಸುಲ್ತಾನನನ್ನು ಅಲ್ಲಮಪ್ರಭು ಎನ್ನುತ್ತಾರೆಂಬುದು ನಿಜವೇ?

ನಿಜ. ಊರಿನ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲಿದೆ. ಅಹ್ಮದ್ ಶಾನ ಗೋರಿಯ ಒಳಗೋಡೆಯ ಬಣ್ಣ, ಚಿನ್ನದ ಅಕ್ಷರಗಳು ಇಂದಿಗೂ ಮಾಸಿಲ್ಲ, ಟಾರ್ಚ್ ಒಯ್ಯಿರಿ. ಕಿರ್ಮಾನಿನ ಸಂತ ಶಾ ನೇಮತುಲ್ಲಾನ ಭಕ್ತನಾಗಿದ್ದ ಈ ಸುಲ್ತಾನನನ್ನು ಮುಸ್ಲಿಮರು ‘ವಲಿ’, ಅಂದರೆ ಸಂತ, ಎಂದು ಕರೆದರೆ, ಸುತ್ತಲಿನ ಲಿಂಗಾಯತರು ಅಲ್ಲಮಪ್ರಭು ಎಂದು ನಡೆದುಕೊಳ್ಳುತ್ತಾರೆ. ವರ್ಷದ ಉರುಸು ಹೋಳಿ ಹುಣ್ಣಿಮೆಯ ನಂತರ ಹಿಂದೂ ಪಂಚಾಂಗದ ಪ್ರಕಾರ ನಡೆಯುತ್ತದೆ. ಕಲಬುರಗಿ ಜಿಲ್ಲೆಯಿಂದ ಬರುವ ಜಂಗಮರು ಅದರ ಮುಂದಾಳುಗಳು. 12ನೆಯ ಶತಮಾನದ ಅಲ್ಲಮ 15ನೆಯ ಶತಮಾನದ ಸುಲ್ತಾನ ಹೇಗಾಗುತ್ತಾನೆ ಎಂದು ಚರಿತ್ರೆಯ ವಿದ್ಯಾರ್ಥಿ ಕೇಳಬಹುದು. ತೆಂಗಿನಕಾಯಿ ಹಿಡಿದು ಸಾಲಿನಲ್ಲಿ ನಿಂತವರು ಕೇಳುವುದಿಲ್ಲ.

ಪಕ್ಕದಲ್ಲಿ ಅರ್ಧ ಒಡೆದು ನಿಂತಿರುವುದು ಕ್ರೂರಿ ಎಂದು ಹೆಸರಾದ ಹುಮಾಯೂನನ ಗೋರಿ. ಸಿಡಿಲು ಬಡಿದು ಗುಮ್ಮಟ ಬಿರಿಯಿತು. ಊರಿನವರು ಇದನ್ನು ನ್ಯಾಯ ಎನ್ನುತ್ತಾರೆ.

ಬಿದರಿ ಕಲೆ ಬಹಮನಿಗಳ ಕಾಲದ್ದೇ?

ಪರಂಪರೆ ಹಾಗೆ ಹೇಳುತ್ತದೆ, ಇರಾನಿನ ಕುಶಲಕರ್ಮಿಗಳು ತಂದರೆನ್ನುತ್ತದೆ. ಉಳಿದಿರುವ ಹಳೆಯ ವಸ್ತುಗಳು ಬಹುಮಟ್ಟಿಗೆ 17ನೆಯ ಶತಮಾನ ಮತ್ತು ಅದರ ನಂತರದವು. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಕಾಯಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ.

ಒಂದೇ ದಿನದಲ್ಲಿ ಎಲ್ಲ ನೋಡಬಹುದೇ?

ಓಡಾಡಬಹುದು, ನೋಡಲಾಗುವುದಿಲ್ಲ. ಎರಡು ದಿನ ಇಟ್ಟುಕೊಳ್ಳಿ. ಬೆಳಗ್ಗೆ ಬಿಸಿಲು ಏರುವ ಮೊದಲು ಕೋಟೆ. ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ, ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ. ಆಮೇಲೆ ಗವಾನನ ಮದರಸಾ, ಅಲ್ಲಿಂದ ನಡೆದೇ ಚೌಬಾರಾ ಗೋಪುರ. ಮರುದಿನ ಅಷ್ಟೂರು, ದಾರಿಯಲ್ಲಿ ಸಿಗುವ ಚೌಖಂಡಿಯನ್ನು, ಅಂದರೆ ಶಾ ನೇಮತುಲ್ಲಾನ ಮಗ ಖಲೀಲುಲ್ಲಾನ ಎಂಟು ಮೂಲೆಯ ಗೋರಿಯನ್ನು, ಬಿಡಬೇಡಿ. ಅದರ ಬಾಗಿಲ ಸುತ್ತಲಿನ ಅಕ್ಷರ ಕೆತ್ತನೆಯಷ್ಟು ಚೆಲುವಾದದ್ದು ಬೀದರಿನಲ್ಲಿ ಇನ್ನೊಂದಿಲ್ಲ. ಸಂಜೆಗೆ ಪಶ್ಚಿಮದ ಬರೀದ್ ಶಾಹಿ ಗೋರಿಗಳ ಉದ್ಯಾನ. ನೌಬಾದಿನ ಕರೇಜಿಗೆ ಸ್ಥಳೀಯರೊಬ್ಬರನ್ನು ಜೊತೆ ಮಾಡಿಕೊಂಡು ಹೋಗಿ, ಮಳೆಗಾಲದಲ್ಲಿ ಒಳಗೆ ಇಳಿಯಬೇಡಿ.